ಬೀರಯ್ಯ ಆರಿಸಿಕೊಟ್ಟ ಅಂಚೆಪೆಟ್ಟಿಗೆ

ಬೀರಯ್ಯ ರಿಪೇರಿಗೆ ಬಂದರೆ ಮೊದಲು ಕಂಪ್ಯೂಟರನ್ನು ನೋಡುತ್ತಿರಲಿಲ್ಲ, ಅದರ ಮುಂದಿನ ಕುರ್ಚಿಯನ್ನು ನೋಡುತ್ತಿದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ರೆಕ್ಸಿನ್ ಚೀಲವನ್ನು ಗೋಡೆಗೆ ಒರಗಿಸಿ, ಕುರ್ಚಿಗೆ ಒಂದು ಸುತ್ತು ಬಂದು, ಸೀಟು ಯಾವ ಕಡೆ ಕುಗ್ಗಿದೆ, ಯಾವ ಕೈಯ ಹಿಡಿ ಸವೆದಿದೆ ಎಂದು ಬಗ್ಗಿ ನೋಡುತ್ತಿದ್ದರು. ಆಮೇಲೆ ತಾವೇ ಅದರಲ್ಲಿ ಕೂತು, ಕಾಲು ನೆಲ ಮುಟ್ಟುತ್ತದೆಯೇ ಎಂದು ನೋಡಿಕೊಂಡು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಇದ್ರ ಮುಂದೆ ದಿನಾ ಕೂತ್ಕೊಳ್ಳೋರು ಯಾರು?"

ಅವರ ಊರು ಗುಡೇಮಾರನಹಳ್ಳಿ. ಕುರಿ ಸಾಕುವ ಮನೆತನ. ಅಣ್ಣತಮ್ಮಂದಿರು ಕುರಿಯ ಹಿಂದೆ ಹೋದರೆ ಇವರು ರಾಮನಗರಕ್ಕೆ ಹೋಗಿ ರೇಡಿಯೋ ರಿಪೇರಿ ಕಲಿತರು. ರೇಡಿಯೋ ಕಾಲ ಮುಗಿದ ಮೇಲೆ ಟಿ.ವಿ.ಗೆ ಬಂದರು, ಟಿ.ವಿ. ಕೆಟ್ಟರೆ ಜನ ಹೊಸದನ್ನೇ ತರತೊಡಗಿದ ಮೇಲೆ ಕಂಪ್ಯೂಟರಿಗೆ ಬಂದರು. ಮಾಗಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಟೈಲರ್ ಅಂಗಡಿಗೆ ಅಂಟಿಕೊಂಡಂತೆ ಒಂದೇ ಷಟರಿನ ಮಳಿಗೆ ಅವರದು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಮಾತು ನಿಧಾನ, ನಡಿಗೆ ಅದಕ್ಕಿಂತ ನಿಧಾನ. ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, "ಹೊಸದು ಬೇಕಾ, ನಡೆಯೋದು ಬೇಕಾ?" ಎಂದು ತಿರುಗಿ ಕೇಳುತ್ತಿದ್ದರು. ಎರಡೂ ಬೇಕು ಎಂದವರಿಗೆ ಮೂಲೆಯ ಸ್ಟೂಲು ತೋರಿಸಿ, ಕೂತು ಯೋಚನೆ ಮಾಡಿ ಎನ್ನುತ್ತಿದ್ದರು. ಇದರಿಂದ ಅವರ ಅಂಗಡಿಗೆ ಹೊಸ ಗಿರಾಕಿಗಳು ಬರುವುದು ಕಡಿಮೆ, ಬಂದವರು ಬಿಟ್ಟುಹೋಗುವುದು ಇನ್ನೂ ಕಡಿಮೆ.

ನಾನು ಅವರನ್ನು ಮೊದಲ ಸಲ ಕರೆಸಿದ್ದು ನನ್ನ ಯಜಮಾನರಿಗೆ ಲಕ್ವ ಹೊಡೆದ ಎಂಟು ತಿಂಗಳಿಗೆ. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ವರ್ಷವೇ ಅದು ಆದದ್ದು. ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದವರು. ಕನಕಪುರ, ಚನ್ನಪಟ್ಟಣ, ರಾಮನಗರ ಎಂದು ಸುತ್ತಿ, ಹಿಪ್ಪುನೇರಳೆ ತೋಟಗಳಲ್ಲಿ ರೈತರ ಜೊತೆ ಜೋರಾಗಿ ಮಾತಾಡಿಕೊಂಡೇ ಸರ್ವೀಸು ಮುಗಿಸಿದವರು. ಲಕ್ವದಿಂದ ಬಲಗೈ ಬಿದ್ದುಹೋಯಿತು, ಮಾತು ಪೂರಾ ಹೋಯಿತು. ಬುದ್ಧಿ ಮಾತ್ರ ಎಲ್ಲಿಯೂ ಹೋಗಲಿಲ್ಲ. ಅದೇ ಕಷ್ಟವಾದದ್ದು. ಹೇಳಬೇಕಾದದ್ದೆಲ್ಲ ಒಳಗೆ ಇದ್ದು, ಹೊರಗೆ ಬರುವಾಗ ಒಂದು ಗೊರಗೊರ ಶಬ್ದ ಮಾತ್ರ ಆಗುತ್ತಿತ್ತು. ಅದನ್ನು ಕೇಳಿ ಅವರೇ ಬಾಯಿ ಮುಚ್ಚಿಕೊಂಡುಬಿಡುತ್ತಿದ್ದರು.

ಬೆಳಿಗ್ಗೆ ಎಬ್ಬಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಸ್ನಾನ, ತಿಂಡಿ, ಮಾತ್ರೆ, ಕೈಕಾಲು ನೀವುವುದು, ವಾರಕ್ಕೆ ಎರಡು ಸಲ ಆಸ್ಪತ್ರೆಗೆ ವ್ಯಾಯಾಮಕ್ಕೆ. ನನ್ನ ದಿನ ಹೀಗೆ ಸವೆಯುತ್ತಿತ್ತು. ಮಗಳು ತುಮಕೂರಿನಿಂದ ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ಅವಳು ಬಂದ ದಿನ ನಾನು ಬರೀ ಮಲಗುತ್ತಿದ್ದೆ. ಯಜಮಾನರಿಗೆ ಸ್ಲೇಟು ಕೊಟ್ಟು ನೋಡಿದೆ, ಎಡಗೈಯಲ್ಲಿ ಅಕ್ಷರ ಕೂರಲಿಲ್ಲ, ಅದನ್ನು ದೂಡಿಬಿಟ್ಟರು. ಮೊಬೈಲ್ ಕೊಟ್ಟೆ. ಬೆರಳು ಎಲ್ಲೆಲ್ಲೋ ತಾಗಿ ಒಂದು ದಿನ ಬೀಗರು, ಹಾಲಿನವರು, ಸೊಸೈಟಿ ಕಾರ್ಯದರ್ಶಿ, ಎಲ್ಲರಿಗೂ ಫೋನ್ ಹೋಯಿತು. ಒಬ್ಬೊಬ್ಬರೂ ಗಾಬರಿಯಿಂದ ನನಗೆ ಫೋನ್ ಮಾಡಿ ವಿಚಾರಿಸಿದರು. ಅಲ್ಲಿಗೆ ಮೊಬೈಲ್ ಕೂಡ ಮುಗಿಯಿತು.

ಉಳಿದದ್ದು ಮನೆಯ ಹಳೆಯ ಕಂಪ್ಯೂಟರ್. ಇಲಾಖೆಯಲ್ಲಿದ್ದಾಗ ಕನ್ನಡ ಟೈಪಿಂಗ್ ಕಲಿತಿದ್ದರಿಂದ ಎಡಗೈಯ ತೋರುಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವುದು ಅವರಿಗೆ ಸಾಧ್ಯವಾಯಿತು. ಚನ್ನಪಟ್ಟಣದಲ್ಲಿ ಒಬ್ಬರು, ಕನಕಪುರದಲ್ಲಿ ಒಬ್ಬರು ಹಳೆಯ ಸಹೋದ್ಯೋಗಿಗಳಿದ್ದರು. ಮೂವರೂ ಮೊದಲಿನಿಂದ ಇಮೇಲ್ ಬರೆದುಕೊಳ್ಳುತ್ತಿದ್ದವರು. ನಾಲ್ಕು ಸಾಲಿನ ಪತ್ರಕ್ಕೆ ಇಡೀ ಬೆಳಿಗ್ಗೆ ಹಿಡಿಯುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವರ ಬೆನ್ನು ನೆಟ್ಟಗಿರುತ್ತಿತ್ತು, ನನಗೆ ಅಡುಗೆ ಮಾಡಿಕೊಳ್ಳಲು ಬಿಡುವು ಸಿಗುತ್ತಿತ್ತು.

ಅದಕ್ಕೂ ಕಲ್ಲು ಬಿತ್ತು. ನಾವು ಮೇಲ್ ನೋಡುತ್ತಿದ್ದದ್ದು ಇಂಟರ್‌ನೆಟ್ ಪುಟದಲ್ಲಿ. ಆ ಪುಟ ತಿಂಗಳಿಗೊಂದು ವೇಷ ಹಾಕುತ್ತಿತ್ತು. ನಿನ್ನೆ ಎಡಕ್ಕಿದ್ದ ಗುಂಡಿ ಇವತ್ತು ಮೇಲೆ, ನಾಳೆ ಇನ್ನೊಂದರ ಹೊಟ್ಟೆಯೊಳಗೆ. ಒಂದು ದಿನ ನಾನು ತರಕಾರಿಗೆ ಹೋಗಿದ್ದಾಗ, ಅವರು ಬೆಳಿಗ್ಗೆಯಿಂದ ಬರೆಯುತ್ತಿದ್ದ ಪತ್ರದ ಮಧ್ಯೆ ನೆಟ್ ಹೋಯಿತು. ಬಂದಾಗ ಪುಟ ಮತ್ತೆ ಪಾಸ್‌ವರ್ಡ್ ಕೇಳಿತು. ಅದನ್ನು ಹೊಡೆದರೆ ಮೊಬೈಲಿಗೆ ಬಂದ ಅಂಕಿ ಹಾಕು ಎಂದಿತು. ಮೊಬೈಲು ನನ್ನ ಚೀಲದಲ್ಲಿ, ಮಾರುಕಟ್ಟೆಯಲ್ಲಿತ್ತು. ನಾನು ಬರುವ ಹೊತ್ತಿಗೆ ಕೀಬೋರ್ಡು ನೆಲದ ಮೇಲೆ ಬಿದ್ದಿತ್ತು, ಅವರು ಗೋಡೆಗೆ ಮುಖ ಮಾಡಿ ಕೂತಿದ್ದರು. ಮಾರನೆಯ ದಿನ ಕಂಪ್ಯೂಟರಿನ ಮುಂದೆ ಕೂರಿಸಲು ಹೋದರೆ ಎಡಗೈಯಿಂದ ನನ್ನ ಕೈಯನ್ನು ತಳ್ಳಿದರು. ಆ ಇಡೀ ವಾರ ಅದರ ಕಡೆ ತಿರುಗಿ ನೋಡಲಿಲ್ಲ.

ಒಂದು ಮಾತು ಇಲ್ಲಿ ಮುಚ್ಚಿಡಬಾರದು. ಆ ವಾರ ನನಗೆ ಒಳಗೊಳಗೇ ಒಂದು ಬಗೆಯ ನಿರಾಳವಾಗಿತ್ತು. ಅವರು ಏನನ್ನೂ ಕೇಳುತ್ತಿರಲಿಲ್ಲ, ನಾನು ಏನನ್ನೂ ಹುಡುಕಿ ಸರಿಮಾಡಬೇಕಾಗಿರಲಿಲ್ಲ. ಊಟ ಹಾಕಿದರೆ ತಿನ್ನುತ್ತಿದ್ದರು, ಮಲಗಿಸಿದರೆ ಮಲಗುತ್ತಿದ್ದರು. ವಾರದ ಕೊನೆಗೆ ಆ ನಿರಾಳವೇ ನನ್ನನ್ನು ಹೆದರಿಸಿತು. ಪಕ್ಕದ ಮನೆಯವರನ್ನು ಕೇಳಿ ಬೀರಯ್ಯನವರಿಗೆ ಫೋನ್ ಮಾಡಿದೆ.

ಅವರು ಬಂದು, ವಾಡಿಕೆಯಂತೆ ಕುರ್ಚಿ ನೋಡಿ, ಯಾರು ಕೂರುವುದು ಎಂದು ಕೇಳಿದರು. ನಾನು ಕಥೆಯೆಲ್ಲ ಹೇಳತೊಡಗಿದೆ. ಅವರು ಕೇಳಿಸಿಕೊಳ್ಳುತ್ತಲೇ ಮಂಚದ ಮೇಲಿದ್ದ ಯಜಮಾನರ ಕಡೆ ತಿರುಗಿದರು. ಮನೆಗೆ ಬಂದವರೆಲ್ಲ ಆಗ ಅವರ ವಿಷಯವನ್ನು ಅವರ ತಲೆಯ ಮೇಲಿನಿಂದ ನನ್ನನ್ನೇ ಕೇಳುತ್ತಿದ್ದರು. ಊಟ ಮಾಡ್ತಾರಾ, ನಿದ್ದೆ ಬರುತ್ತಾ, ಗೊತ್ತಾಗುತ್ತಾ ಎಂದು. ಬೀರಯ್ಯ ಹಾಗೆ ಮಾಡಲಿಲ್ಲ.

"ಸಾರ್, ಟೀಚರಮ್ಮ ಹೇಳಿದ್ದು ಕೇಳಿಸ್ಕಂಡೆ. ನಿಮ್ಗೆ ಏನು ಬೇಕು, ಅದ್ನ ನೀವು ಹೇಳಿ," ಎಂದರು.

ಅವರಿಗೆ ಮಾತು ಬರುವುದಿಲ್ಲ ಎಂದು ನಾನು ಮತ್ತೆ ನೆನಪಿಸಿದೆ. "ಬರೀತಾರಲ್ಲ," ಎಂದು ಬೀರಯ್ಯ ಕೀಬೋರ್ಡಿನ ಧೂಳು ಒರೆಸಿ, ಮೌಸನ್ನು ಎಡಗಡೆಗೆ ಇಟ್ಟು, ಪರದೆಯ ಮೇಲೆ ಒಂದು ಖಾಲಿ ಹಾಳೆ ತೆರೆದು, ಯಜಮಾನರನ್ನು ಕೈಹಿಡಿದು ಕರೆತಂದು ಕೂರಿಸಿದರು. ಆಮೇಲೆ ತಾವು ನೆಲದ ಮೇಲೆ ಗೋಡೆಗೆ ಒರಗಿ ಕೂತು ಕಾದರು. ಕಾಲು ಗಂಟೆ ಯಜಮಾನರು ಬೆರಳು ಎತ್ತಲಿಲ್ಲ. ನಾನು ಕಾಫಿ ಮಾಡಿ ತಂದರೂ ಬೀರಯ್ಯ ಅವಸರ ಮಾಡಲಿಲ್ಲ, ಪರದೆಯ ಕಡೆಗೆ ಕತ್ತು ಚಾಚಲೂ ಇಲ್ಲ. ಕೊನೆಗೆ ಕೀಲಿಗಳ ಶಬ್ದ ಶುರುವಾಯಿತು. ಅರ್ಧ ಗಂಟೆಯ ಮೇಲೆ ಅಲ್ಲಿದ್ದದ್ದು ಎರಡೇ ಸಾಲು. "ಕಾಗದ ಬರೆಯಬೇಕು. ಬೇರೆ ಏನೂ ಬೇಡ. ಗುಂಡಿಗಳು ಜಾಗ ಬಿಟ್ಟು ಓಡಾಡಬಾರದು."

ಬೀರಯ್ಯ ಅದನ್ನು ಎರಡು ಸಲ ಓದಿ, ಯಾರೋ ಮೇಲಧಿಕಾರಿ ಹುಕುಂ ಕೊಟ್ಟಂತೆ ತಲೆಯಾಡಿಸಿದರು. ಪುಟದಲ್ಲಿ ಮೇಲ್ ನೋಡುವುದನ್ನು ಬಿಟ್ಟುಬಿಡೋಣ, ಮೇಲ್‌ಗೆಂದೇ ಬೇರೆ ಪ್ರೋಗ್ರಾಮುಗಳಿವೆ, ಅದನ್ನು ಮೆಷಿನ್ನಿನಲ್ಲೇ ಹಾಕಿಕೊಂಡರೆ ನೆಟ್ ಇಲ್ಲದಿದ್ದರೂ ಬರೆಯಬಹುದು, ಓದಬಹುದು, ನೆಟ್ ಬಂದಾಗ ತಾನೇ ಹೋಗುತ್ತದೆ ಎಂದು ವಿವರಿಸಿದರು. ಯಾವುದಾದರೂ ಒಂದು ಹಾಕಿಬಿಡಿ ಎಂದೆ. ನನಗೆ ಕುಕ್ಕರ್ ಇಡುವುದಿತ್ತು.

"ಯಾವ್ದಾದ್ರೂ ಅಂತ ಹೇಳ್ಬ್ಯಾಡಿ ಟೀಚರಮ್ಮ," ಎಂದರು. "ಇದು ಸಾರ್ ಬಾಯಿ. ನೋಡಿ ಆರಿಸ್ಬೇಕು."

ಆರಿಸಲು ಮೂರು ವಾರ ಹಿಡಿಯಿತು. ಮೊದಲು ಮೆಷಿನ್ನಿನ ಜೊತೆಯೇ ಬಂದಿದ್ದ ಒಂದನ್ನು ತೆರೆದರು. ಅದು ಬಾಗಿಲಲ್ಲೇ ತಡೆದು, ತಾನು ಇನ್ನು ಸ್ವಲ್ಪ ದಿನದಲ್ಲಿ ನಿಲ್ಲುತ್ತೇನೆ, ಹೊಸದಕ್ಕೆ ಬನ್ನಿ ಎಂದು ಹೇಳಿತು. ಹೋಗುವವನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಬೇಡ ಎಂದು ಬೀರಯ್ಯ ಮುಚ್ಚಿದರು. ಎರಡನೆಯದು ದೊಡ್ಡ ಕಚೇರಿಗಳಲ್ಲಿ ಇರುವಂಥದ್ದು. ಕ್ಯಾಲೆಂಡರು, ಮೀಟಿಂಗು, ಯಾರು ಎಷ್ಟು ಹೊತ್ತಿಗೆ ಬಿಡುವಾಗಿದ್ದಾರೆ ಎಂಬ ಪಟ್ಟಿ, ಎಲ್ಲ ಇತ್ತು. ಎರಡು ದಿನ ಬಿಟ್ಟು ಬಂದು ಯಜಮಾನರ ಮುಖ ನೋಡಿ, "ಇದು ಆಫೀಸು. ಸಾರ್ ರಿಟೈರ್ಡ್ ಆಗವ್ರೆ," ಎಂದು ಅದನ್ನೂ ತೆಗೆದರು. ಮೂರನೆಯದು ಪುಟ್ಟದು, ಚುರುಕಾದದ್ದು. ನನಗೆ ನೋಡಿದೊಡನೆ ಇಷ್ಟವಾಯಿತು. ಆದರೆ ಅದರಲ್ಲಿ ಕನ್ನಡದ ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಜಾರಿ ಬೀಳುತ್ತಿದ್ದವು. ಯಜಮಾನರು ನನ್ನ ತವರೂರಿನ ಹೆಸರನ್ನೇ ನಾಲ್ಕು ಸಲ ಹೊಡೆದು, ನಾಲ್ಕು ಸಲವೂ ಮುರಿದುಹೋದದ್ದನ್ನು ನೋಡಿ, ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಬೀರಯ್ಯ ತಾವೇ ತಪ್ಪು ಮಾಡಿದವರಂತೆ, "ಅಲ್ಲ ಸಾರ್, ಬುಟ್ಬುಡಿ ಇದ್ನ. ನಂದೇ ತಪ್ಪು, ಕನ್ನಡ ಮೊದ್ಲು ನೋಡ್ಬೇಕಿತ್ತು," ಎಂದರು.

ನಾಲ್ಕನೆಯದನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಂದದ್ದು ಒಂದು ಶನಿವಾರ. ಪುಕ್ಕಟೆ ಸಿಗುವಂಥದ್ದು, ಯಾರು ಯಾರೋ ಎಲ್ಲೆಲ್ಲೋ ಕೂತು ಕೂಡಿ ಬರೆದದ್ದಂತೆ. ನೋಡಲು ಸ್ವಲ್ಪ ಹಳೆಯ ಕಾಲದ್ದಾಗಿ ಕಾಣುತ್ತಿತ್ತು. ಅದರಲ್ಲಿ ಮೊದಲು "ಅಕ್ಕಪಕ್ಕ" ಎಂದು ಹೊಡೆದು ಒತ್ತು ನೆಟ್ಟಗೆ ಕೂತದ್ದನ್ನು ಯಜಮಾನರಿಗೆ ತೋರಿಸಿದರು. ಅಕ್ಷರ ದಪ್ಪ ಮಾಡಿದರು. ಬೇಡದ ಗುಂಡಿಗಳನ್ನೆಲ್ಲ ಒಂದೊಂದಾಗಿ ಎಳೆದು ಹಾಕುತ್ತಾ, ಇದು ಬೇಕಾ ಸಾರ್ ಎಂದು ಕೇಳುತ್ತಾ, ಅವರು ಕತ್ತು ಅಲ್ಲಾಡಿಸಿದರೆ ತೆಗೆಯುತ್ತಾ, ಕೊನೆಗೆ ಮೂರು ಮಾತ್ರ ಉಳಿಸಿದರು. ತರಿಸುವುದು, ಬರೆಯುವುದು, ಉತ್ತರ ಕೊಡುವುದು. ಕಳಿಸಲು ಮೌಸು ಹುಡುಕುವುದು ಬೇಡವೆಂದು, ನನ್ನ ಹಣೆಯ ಸ್ಟಿಕ್ಕರ್ ಪ್ಯಾಕೆಟ್ ಕೇಳಿ ತೆಗೆದುಕೊಂಡು, ಅಕ್ಕಪಕ್ಕದಲ್ಲಿರುವ ಎರಡು ಕೀಲಿಗಳ ಮೇಲೆ ಒಂದೊಂದು ಕೆಂಪು ಬೊಟ್ಟು ಅಂಟಿಸಿದರು. ಎರಡು ಬೊಟ್ಟನ್ನೂ ಒಟ್ಟಿಗೆ ಒತ್ತಿದರೆ ಕಾಗದ ಹೋಯಿತು.

ಇನ್ನೊಂದು ಪ್ರಶ್ನೆ ಅವರಿಗೆ ಉಳಿದಿತ್ತು. ಕಾಗದಗಳು ಮೇಲ್ ಕೊಡುವವರ ಹತ್ತಿರವೇ, ಅಂದರೆ ಅಂಚೆ ಕಚೇರಿಯಲ್ಲೇ ಇದ್ದು ನಾವು ಹೋಗಿ ನೋಡಿಕೊಂಡು ಬರುವುದೋ, ಮನೆಗೇ ತಂದು ಇಟ್ಟುಕೊಳ್ಳುವುದೋ ಎಂದರು. ನನಗೆ ಏನು ವ್ಯತ್ಯಾಸ ಎಂದು ತಿಳಿಯಲಿಲ್ಲ. ಮನೆಗೆ ತಂದದ್ದು ಮನೆಯದು, ಆದರೆ ಮೆಷಿನ್ನು ಹೋದರೆ ಅದೂ ಹೋಯಿತು, ಕಚೇರಿಯಲ್ಲಿ ಬಿಟ್ಟದ್ದು ಭದ್ರ, ಆದರೆ ಅವರು ಬಾಗಿಲು ಹಾಕಿದ ದಿನ ನಾವು ಬೀದಿಯಲ್ಲಿ ನಿಲ್ಲಬೇಕು ಎಂದು ಬಿಡಿಸಿ ಹೇಳಿದರು. ಯಜಮಾನರು ಟೈಪ್ ಮಾಡಿದರು, "ಎರಡೂ ಕಡೆ." ಬೀರಯ್ಯ ನಕ್ಕದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು. "ಸರ್ಕಾರಿ ಕೆಲ್ಸ ಮಾಡಿದೋರು. ನಕಲು ಬುಟ್ಟಾರಾ?" ಎಂದರು.

ಹೊರಡುವ ಮುಂಚೆ ಅವರು, ನಾನು ಕೇಳದೆಯೇ, ನನ್ನ ಹೆಸರಿನಲ್ಲೂ ಒಂದು ವಿಳಾಸ ಮಾಡಿ ಅದೇ ಪ್ರೋಗ್ರಾಮಿನೊಳಗೆ ಸೇರಿಸಿದರು. ನನಗೆ ಯಾರು ಬರೆಯುತ್ತಾರೆ ಎಂದೆ. ಇರಲಿ, ಯಾರಾದರೂ ಬರೀಬೋದು ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಮೂರು ದಿನ ಯಜಮಾನರು ಗೆಳೆಯರಿಗೆ ಬರೆದರು. ನಾಲ್ಕನೆಯ ದಿನ ನಾನು ಬಟ್ಟೆ ಒಣಗಿಸಿ ಬಂದಾಗ ಕುರ್ಚಿಯಿಂದ ಪಕ್ಕಕ್ಕೆ ಸರಿದು, ನನ್ನ ಸೆರಗು ಹಿಡಿದು ಜಗ್ಗಿ, ಪರದೆ ತೋರಿಸಿದರು. ನನ್ನ ಹೆಸರಿನ ಪೆಟ್ಟಿಗೆಯಲ್ಲಿ ಒಂದು ಕಾಗದ ಬಂದು ಕೂತಿತ್ತು.

"ನಿನಗೆ ಸುಸ್ತಾಗಿದೆ. ನನಗೆ ಕಾಣುತ್ತದೆ. ಸ್ನಾನ ಒಂದು ದಿನ ಬಿಟ್ಟು ಒಂದು ದಿನ ಸಾಕು. ಮಧ್ಯಾಹ್ನ ಮಲಗು. ನಾನು ಇಲ್ಲೇ ಕೂತು ಬರೆಯುತ್ತಿರುತ್ತೇನೆ, ಎಲ್ಲೂ ಬೀಳುವುದಿಲ್ಲ."

ಒಂಬತ್ತು ತಿಂಗಳಿನಲ್ಲಿ ಅವರು ನನಗೆ ಹೇಳಿದ ಮೊದಲ ಮಾತು ಅದು. ಅವರ ಭುಜದ ಮೇಲೆ ಕೈ ಇಟ್ಟುಕೊಂಡು ನಿಂತೆ. ಅವತ್ತು ಮಧ್ಯಾಹ್ನ ಎರಡು ಗಂಟೆ ಮಲಗಿದೆ.

ಬೀರಯ್ಯ ಆಮೇಲೆ ತಿಂಗಳಿಗೊಮ್ಮೆ ಬಂದು ನಕಲು ತೆಗೆದಿಟ್ಟು ಹೋಗುತ್ತಿದ್ದರು. ಹಾಗೆ ಬಂದಾಗಲೇ ತಮ್ಮ ಜಮೀನಿನ ಮಾತು ತೆಗೆದದ್ದು. ಗುಡೇಮಾರನಹಳ್ಳಿಯಲ್ಲಿ ಅರ್ಧ ಎಕರೆಗೆ ಹೊಸದಾಗಿ ಹಿಪ್ಪುನೇರಳೆ ಹಾಕಬೇಕೆಂದಿದ್ದಾರೆ, ಹೆಂಡತಿ ಪುಟ್ಟಮ್ಮ ಹುಳ ಸಾಕಬೇಕೆಂದು ಹಟ ಹಿಡಿದಿದ್ದಾರೆ, ಕುರಿ ಸಾಕಿದ ಮನೆಯವರಿಗೆ ಹುಳದ ಸಂಗತಿ ಏನೂ ತಿಳಿಯದು ಎಂದರು. ಯಜಮಾನರ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಅವರು ಟೈಪ್ ಮಾಡಲು ಕೈ ಚಾಚಿದರೆ ಬೀರಯ್ಯ ತಡೆದರು. "ಈಗ ಬ್ಯಾಡ ಸಾರ್. ನಾನು ಊರಿಂದ ಕಾಗ್ದ ಬರೀತೀನಿ, ನೀವು ಸಾವಕಾಸವಾಗಿ ಬರೀರಿ."

ಬರೆದರು ಕೂಡ. ಬೀರಯ್ಯನವರ ಕಾಗದಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅಷ್ಟೊಂದು ಜನಕ್ಕೆ ಇಮೇಲ್ ಹಾಕಿಕೊಟ್ಟ ಮನುಷ್ಯ ತಾವು ಬರೆಯುವಾಗ ಪೂರ್ತಿ ಕಾಗದವನ್ನು ವಿಷಯ ಎಂಬ ಜಾಗದಲ್ಲೇ ಬರೆದುಬಿಡುತ್ತಿದ್ದರು. ಚುಕ್ಕಿಯಿಲ್ಲ, ಅಲ್ಪವಿರಾಮವಿಲ್ಲ, ತೆರೆದರೆ ಒಳಗೆ ಖಾಲಿ. ಹಾಗೇಕೆ ಎಂದು ಕೇಳಿದ್ದಕ್ಕೆ, ಹೇಳುವುದು ಬಾಗಿಲಲ್ಲೇ ಮುಗಿದ ಮೇಲೆ ಒಳಗೆ ಬಂದು ಕೂರುವುದು ಏಕೆ ಎಂದರು. ಯಜಮಾನರು ಅದಕ್ಕೆ ತದ್ವಿರುದ್ಧ. ಸಾಲಿನಿಂದ ಸಾಲಿಗೆ ಎಷ್ಟು ಅಡಿ, ಗೊಬ್ಬರ ಯಾವಾಗ, ನೀರು ಎಷ್ಟು ದಿನಕ್ಕೊಮ್ಮೆ, ಹುಳ ಪೊರೆ ಬಿಡಲು ನಿದ್ದೆಗೆ ಹೋದಾಗ ಸೊಪ್ಪು ಏಕೆ ಹಾಕಬಾರದು ಎಂದು, ದಿನಕ್ಕೆ ಹತ್ತು ಸಾಲಿನಂತೆ ನಾಲ್ಕು ದಿನ ಬರೆದು ಒಂದು ಕಾಗದ ಮುಗಿಸುತ್ತಿದ್ದರು. ಬೆಳಿಗ್ಗೆ ಎದ್ದೊಡನೆ ಕಂಪ್ಯೂಟರಿನ ಕಡೆ ಕೈ ತೋರಿಸುತ್ತಿದ್ದರು. ಅವರಿಗೆ ಮತ್ತೆ ಡ್ಯೂಟಿ ಸಿಕ್ಕಿತ್ತು.

ನನಗೆ ಒಂದು ಅನುಮಾನವಿತ್ತು. ಆ ಅರ್ಧ ಎಕರೆ ನಿಜವಾಗಿ ಇದೆಯೋ ಇಲ್ಲವೋ ಎಂದು. ಮುದುಕರಿಗೆ ಹೊತ್ತು ಹೋಗಲಿ ಎಂದು ಬೀರಯ್ಯ ಪ್ರಶ್ನೆಗಳನ್ನು ಕಟ್ಟಿ ಕಳಿಸುತ್ತಿರಬಹುದು ಎನ್ನಿಸುತ್ತಿತ್ತು. ಹಾಗಿದ್ದರೂ ಒಳ್ಳೆಯದೇ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಒಂದೂವರೆ ವರ್ಷ ಹೀಗೆ ನಡೆಯಿತು.

ಈ ಸಲದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಗದ ಬರುವುದು ನಿಂತಿತು. ತರಿಸುವ ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಹೇಳಿ ಪಾಸ್‌ವರ್ಡ್ ಕೇಳುತ್ತಿತ್ತು, ಕೊಟ್ಟರೆ ಒಪ್ಪುತ್ತಿರಲಿಲ್ಲ. ಬೀರಯ್ಯನವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ಆಮೇಲೆ ಫೋನ್ ಸ್ವಿಚ್ ಆಫ್. ಯಜಮಾನರು ದಿನವೂ ಗುಂಡಿ ಒತ್ತಿ, ನನ್ನ ಮುಖ ನೋಡಿ, ಮತ್ತೆ ಒತ್ತುತ್ತಿದ್ದರು. ಅವರಿಗೆ ಸೊಂಟದ ಹುಣ್ಣು ಆಗ ಶುರುವಾಗಿತ್ತು, ನನಗೆ ಬೆನ್ನು ಎತ್ತಲಾಗುತ್ತಿರಲಿಲ್ಲ. ಒಂದು ದಿನ ಸಿಟ್ಟು ತಡೆಯಲಾರದೆ, ಕೆಲಸ ಹಚ್ಚಿ ಹೀಗೆ ಕೈ ಬಿಡುವುದು ಸರಿಯಲ್ಲ, ಆಗದಿದ್ದರೆ ಆಗುವುದಿಲ್ಲ ಎಂದಾದರೂ ಹೇಳಬೇಕು ಎಂದು ಬೀರಯ್ಯನವರ ಮೊಬೈಲಿಗೆ ಸಂದೇಶ ಬರೆದು ಹಾಕಿದೆ. ಬರೆದದ್ದು ಇನ್ನೂ ನನ್ನ ಫೋನಿನಲ್ಲಿದೆ. ಅಳಿಸುವ ಧೈರ್ಯವೂ ಬಂದಿಲ್ಲ, ಓದುವ ಧೈರ್ಯವೂ ಬಂದಿಲ್ಲ.

ಹನ್ನೊಂದನೆಯ ದಿನ ಔಷಧಿಗೆಂದು ಹೋದವಳು ಅಂಗಡಿಯ ಹತ್ತಿರ ಹೋಗಿ ನೋಡಿದೆ. ಷಟರು ಮುಚ್ಚಿತ್ತು. ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸಿ ಎದ್ದು ಬಂದರು. ಬೀರಯ್ಯ ಹೋಗಿ ಹತ್ತು ದಿನವಾಯಿತು ಎಂದರು. ಊರಿನಲ್ಲಿ ಬೆಳಿಗ್ಗೆ ಕುರಿ ಬಿಟ್ಟುಕೊಂಡು ಹೊರಟವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತರಂತೆ. ಗಾಡಿ ತರುವಷ್ಟರಲ್ಲಿ ಮುಗಿದಿತ್ತು. ನಿಮಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ ಮೇಡಂ ಎಂದರು ಟೈಲರ್. ನಾನು ಮಾತ್ರೆ ಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಯಜಮಾನರಿಗೆ ಹೇಳಲೇಬೇಕಾಯಿತು. ಹೇಳಿದೆ. ಅವರು ಎಡಗೈಯಿಂದ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದರು.

ಇನ್ನೊಂದು ಅಂಗಡಿಯವರನ್ನು ಕರೆಸಿದೆ. ಬಂದವರು ನಿಂತುಕೊಂಡೇ ನೋಡಿ, ಈಗ ಇಂಥದ್ದನ್ನೆಲ್ಲ ಯಾರೂ ಇಟ್ಟುಕೊಳ್ಳುವುದಿಲ್ಲ, ತೆಗೆದು ಹಾಕಿ ಮೊಬೈಲಿನಲ್ಲೇ ನೋಡಿಕೊಳ್ಳಿ, ಕಂಪ್ಯೂಟರು ಕೊಟ್ಟುಬಿಡಿ ಎಂದರು. ಅವರ ಮೇಲೆ ನನಗೆ ಕೋಪವಿಲ್ಲ, ಮುಕ್ಕಾಲು ಪಾಲು ಮನೆಗಳಿಗೆ ಅವರು ಹೇಳಿದ್ದೇ ಸರಿ. ಕಾಫಿ ಕೊಟ್ಟು ಕಳಿಸಿದೆ. ಮಾರನೆಯ ದಿನ ಯಜಮಾನರಿಗೆ ತಿಂಡಿ ತಿನ್ನಿಸಿ, ನಾನೇ ಕುರ್ಚಿಯಲ್ಲಿ ಕೂತೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವಳು, ಅರ್ಥವಾಗದ ಬರಹವನ್ನು ಬಿಡದೆ ಓದುವ ಅಭ್ಯಾಸವೊಂದಿತ್ತು. ಆ ಇಂಗ್ಲಿಷ್ ಸಾಲನ್ನು ಹಾಳೆಯ ಮೇಲೆ ಬರೆದುಕೊಂಡು ಪದ ಪದವಾಗಿ ಓದಿದೆ. ಮೇಲ್ ಕೊಡುವವರು ನಿಯಮ ಬದಲಿಸಿದ್ದರು. ಹೊರಗಿನ ಪ್ರೋಗ್ರಾಮಿಗೆ ಇನ್ನು ಮೇಲೆ ಬೇರೆಯದೇ ಒಂದು ಪಾಸ್‌ವರ್ಡ್ ಬೇಕಾಗಿತ್ತು. ಅದನ್ನು ಪಡೆಯಲು ಎರಡು ದಿನ ಒದ್ದಾಡಿದೆ. ಎಲ್ಲಿ ಒತ್ತಬೇಕೆಂದು ತಿಳಿಯದೆ ಒಂದು ಸಲ ಎಲ್ಲವನ್ನೂ ಕೆಡಿಸಿ ಮೊದಲಿನಿಂದ ಶುರು ಮಾಡಿದೆ. ಎರಡನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ, ಹದಿನಾರು ಅಕ್ಷರದ ಆ ಉದ್ದದ ಪಾಸ್‌ವರ್ಡನ್ನು ಹಾಕಿ ಗುಂಡಿ ಒತ್ತಿದಾಗ, ಕೆಳಗೆ ಒಂದು ಹಸಿರು ಗೆರೆ ಮೆಲ್ಲಗೆ ಹರಿಯತೊಡಗಿತು.

ಕಾಗದಗಳು ಒಂದೊಂದಾಗಿ ಇಳಿದವು. ಜಾಹೀರಾತು, ಬ್ಯಾಂಕಿನದು, ಚನ್ನಪಟ್ಟಣದ ಗೆಳೆಯರದು ಎರಡು, ಕನಕಪುರದವರದು ಒಂದು. ಅವುಗಳ ಕೆಳಗೆ, ಕಾಗದ ನಿಂತ ದಿನದ ಹಿಂದಿನ ಸಂಜೆಯ ತಾರೀಖಿನಲ್ಲಿ, ತೆರೆಯುವ ಅಗತ್ಯವೇ ಇಲ್ಲದಂತೆ ದಪ್ಪ ಅಕ್ಷರದಲ್ಲಿ ಹೊರಗೇ ನಿಂತಿತ್ತು: "ಸಾರ್ ಸೊಪ್ಪಿನ ತಳದಲ್ಲಿ ಬಿಳೀ ಬೂದಿ ತರ ಕುಂತೈತೆ ಹೊಸ ಹುಳ ತರೋದಾ ಬ್ಯಾಡವಾ ಔಷ್ದಿ ಹೊಡಿಯೋದಾ ನಿಧಾನಕ್ಕೆ ಬರೀರಿ ಅರ್ಜೆಂಟ್ ಇಲ್ಲ".

ಹಿಂದೆ ಕೂತಿದ್ದ ಯಜಮಾನರು ಅದನ್ನು ನನಗಿಂತ ಮೊದಲೇ ಓದಿದ್ದರು. ಎಡಗೈ ಚಾಚಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ಅವರನ್ನು ಅಲ್ಲಿ ಕೂರಿಸಿ ನಾನು ಅಡುಗೆಮನೆಗೆ ಹೋದೆ. ಊಟಕ್ಕೆ ಕರೆದರೆ ಬರಲಿಲ್ಲ. ನಾಲ್ಕು ದಿನ ಹಿಡಿಯುವ ಕಾಗದವನ್ನು ಅವರು ಸಾಯಂಕಾಲದೊಳಗೆ ಮುಗಿಸಿದರು. ಕೆಂಪು ಬೊಟ್ಟುಗಳನ್ನು ಒತ್ತಲಿಲ್ಲ. ಅದರ ಕೆಳಗೆ ನನಗೆಂದು ಒಂದು ಸಾಲು ಸೇರಿಸಿದ್ದರು: "ಪ್ರಿಂಟ್ ತೆಗೆಸಿ ಪುಟ್ಟಮ್ಮನಿಗೆ ಓದಿ ಹೇಳು."

ಪಕ್ಕದ ಮನೆಯವರನ್ನು ಅವರ ಹತ್ತಿರ ಕೂರಿಸಿ ಬೆಳಗಿನ ಬಸ್ಸಿಗೆ ಗುಡೇಮಾರನಹಳ್ಳಿಗೆ ಹೋದೆ. ಬಸ್ಸಿನಲ್ಲಿ ನನಗೆ ಒಂದೇ ಯೋಚನೆ, ಅಲ್ಲಿ ತೋಟವೇ ಇಲ್ಲದಿದ್ದರೆ ಈ ಕಾಗದ ಹಿಡಿದು ಆ ಹೆಣ್ಣುಮಗಳ ಮುಂದೆ ಏನೆಂದು ನಿಲ್ಲಲಿ ಎಂದು. ಮನೆ ಕೇಳಿಕೊಂಡು ಹೋದೆ. ಪುಟ್ಟಮ್ಮ ಮನೆಯಲ್ಲಿರಲಿಲ್ಲ, ಹಿಂದೆ ತೋಟದಲ್ಲಿದ್ದಾರೆ ಎಂದರು. ಮನೆಯ ಹಿಂಬದಿಗೆ ತಿರುಗಿದರೆ, ಅರ್ಧ ಎಕರೆ, ಎದೆಮಟ್ಟ, ಹಸಿರಾಗಿ ನಿಂತಿತ್ತು. ಸಾಲಿನಿಂದ ಸಾಲಿಗೆ ಅಂತರ ಯಜಮಾನರು ಬರೆದಷ್ಟೇ ಇತ್ತು. ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು.

ನಾನು ಯಾರೆಂದು ಹೇಳಿದಾಗ ಪುಟ್ಟಮ್ಮ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಫೋನಿನ ಸಂದೇಶದ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ಕಾಗದ ತಂದಿದ್ದೇನೆ ಎಂದೆ. ಅವರು ಬದುವಿನ ಮೇಲೆ ಜಾಗ ತೋರಿಸಿ, ಎದುರು ಕುಕ್ಕರುಗಾಲಿನಲ್ಲಿ ಕೂತರು. ಓದತೊಡಗಿದೆ. "ಬೀರಯ್ಯನವರಿಗೆ ನಮಸ್ಕಾರ" ಎಂದು ಎಂದಿನಂತೆಯೇ ಶುರುವಾಗಿತ್ತು. ಅದು ಬೂದಿ ರೋಗ, ಹೆದರಬೇಕಾಗಿಲ್ಲ. ತಳದ ಎಲೆಗಳನ್ನೆಲ್ಲ ಕಿತ್ತು ದೂರ ಒಯ್ದು ಸುಡಬೇಕು, ಗಿಡದ ಬುಡಕ್ಕೆ ಗಾಳಿ ಬೆಳಕು ಬೀಳುವಂತೆ ಮಾಡಬೇಕು, ಸೊಪ್ಪು ಕೊಯ್ಯುವ ಹೊತ್ತಿನಲ್ಲಿ ಔಷಧಿ ಹೊಡೆದರೆ ಹುಳ ಸಾಯುತ್ತದೆ, ಆದ್ದರಿಂದ ಈ ಬೆಳೆ ಹೋದರೆ ಹೋಗಲಿ, ಹುಳ ಮುಂದಿನ ಸಲ ತನ್ನಿ ಎಂದು ಬರೆದಿದ್ದರು.

ಪುಟ್ಟಮ್ಮ ಕ್ಷಣಕ್ಕೊಮ್ಮೆ ತಲೆಯಾಡಿಸುತ್ತಾ ಕೇಳಿದರು. ಮುಗಿದ ಮೇಲೆ, "ನಮ್ ಬಾವ ದಿನಾ ಹೇಳ್ತಾವ್ರೆ, ಔಷ್ದಿ ಹೊಡ್ದು ಹುಳ ತಂದ್ಬುಡು ಅಂತ. ನಾನೇ ಬ್ಯಾಡ ಅಂದೆ. ಸಾರ್ ಕಾಗ್ದ ಬರ್ಲಿ, ನೋಡ್ಕಂಡು ಮಾಡಾನ ಅಂತ ಅವತ್ತು ಸಂಜೆ ಅವ್ರೇ ಹೇಳಿದ್ರು," ಎಂದರು.

ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿ ಮೆಲ್ಲಗೆ ಕೇಳಿದರು. "ಅವ್ರು ಇಲ್ಲ ಅನ್ನೋದು ಸಾರ್‌ಗೆ ಗೊತ್ತಾ?"

"ಗೊತ್ತು," ಎಂದೆ.

"ಗೊತ್ತಿದ್ದೂ ಬರ್ದವ್ರಾ?"

ಹೌದು ಎಂದೆ. ಪುಟ್ಟಮ್ಮ ಗಿಡಗಳ ಕಡೆ ಮುಖ ತಿರುಗಿಸಿಕೊಂಡರು. ಮತ್ತೆ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲ ಸಾಲಿನ ಬುಡಕ್ಕೆ ಬಗ್ಗಿ, ತಳದ ಎಲೆಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕತೊಡಗಿದರು. ನಾನು ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡು ಪಕ್ಕದ ಸಾಲಿಗೆ ಇಳಿದೆ.